ಇನ್ನೂರು ಮೀಟರ್ ಮುಂದೆ ಬಲಕ್ಕೆ ತಿರುಗಿ, ನಿಮ್ಮ ಜವಾಬ್ದಾರಿಯಲ್ಲಿ

ಆರೋಪಿಯನ್ನು ಹಿಡಿಯಲು ಹೋದ ಪೊಲೀಸರನ್ನು ಊರವರೇ ಹಿಡಿದು ಕೂಡಿಹಾಕಿದರು. ಕಟ್ಟುಕತೆಯಲ್ಲ. 2025ರ ಜನವರಿಯಲ್ಲಿ ನಡೆದದ್ದು. ಅಸ್ಸಾಮಿನ ಜೋರ್ಹಾಟ್‌ನಿಂದ 16 ಪೊಲೀಸರ ತಂಡ ಗೂಗಲ್ ಮ್ಯಾಪ್ಸ್ ನೋಡಿಕೊಂಡು ಹೊರಟಿತು. ಮ್ಯಾಪಿನಲ್ಲಿ ಆ ಚಹಾ ತೋಟ ಅಸ್ಸಾಮಿನಲ್ಲಿತ್ತು. ನೆಲದ ಮೇಲೆ ಮಾತ್ರ ನಾಗಾಲ್ಯಾಂಡಿನಲ್ಲಿತ್ತು. ಸಮವಸ್ತ್ರದಲ್ಲಿದ್ದವರು ಮೂವರೇ. ಉಳಿದವರೆಲ್ಲ ಮಫ್ತಿಯಲ್ಲಿ, ಕೈಯಲ್ಲಿ ಬಂದೂಕು. ಮೊಕೊಕ್‌ಚುಂಗ್ ಜಿಲ್ಲೆಯ ಜನ ಇವರನ್ನು ದುಷ್ಕರ್ಮಿಗಳೆಂದೇ ತಿಳಿದರು. ಹಾಗೆ ತಿಳಿದದ್ದರಲ್ಲಿ ತಪ್ಪೂ ಇಲ್ಲ.

ನಗಬೇಡಿ. ಅವರಿಗೆ ಠಾಣೆಯಿತ್ತು, ಇಲಾಖೆಯಿತ್ತು. ಗಡಿ ಎಲ್ಲಿದೆ ಎಂದು ತಿಳಿದಿರುವುದೇ ಅವರ ಕೆಲಸ. ಅವರೂ ಮೊಬೈಲನ್ನೇ ನಂಬಿದರು. ಇನ್ನು ನಿಮ್ಮ ನಮ್ಮ ಪಾಡೇನು?

ನಮ್ಮ ಪಾಡು ಅದಕ್ಕೂ ಹಿಂದಿನ ತಿಂಗಳು ಖಾನಾಪುರದ ಕಾಡಿನಲ್ಲಿ ಕಂಡಿತು. ಬಿಹಾರದಿಂದ ಗೋವಾಕ್ಕೆ ಹೊರಟಿದ್ದ ಕುಟುಂಬವೊಂದಕ್ಕೆ ಮ್ಯಾಪು ಹೆಮ್ಮಡಗಾ ಕಡೆಯ ಅಡ್ಡದಾರಿ ತೋರಿಸಿತು. ಹತ್ತಿರದ ದಾರಿಯಂತೆ. ಅದು ಭೀಮಗಡದ ಕಾಡು. ದಾರಿ ತೋರಿಸುವಾಗ ಇದ್ದ ನೆಟ್‌ವರ್ಕ್ ದಾರಿ ತಪ್ಪಿದ ಮೇಲೆ ಇರಲಿಲ್ಲ. ರಾತ್ರಿಯನ್ನು ಕಾರಿನಲ್ಲೇ ಕಳೆದರು. ಬೆಳಿಗ್ಗೆ ಸಿಗ್ನಲ್ ಸಿಗುವವರೆಗೂ ನಡೆದು 112ಕ್ಕೆ ಫೋನ್ ಮಾಡಿದರು. ಪೊಲೀಸರು ಹುಡುಕಿಕೊಂಡು ಹೋಗಿ ಹೊರಗೆ ಕರೆತಂದರು. ಆ ಕಾಡಿನಲ್ಲಿ ಕಾರಿಗೆ ದಾರಿಯಿಲ್ಲ ಎಂದು ಹೆಮ್ಮಡಗಾದ ಯಾವ ದನ ಕಾಯುವ ಹುಡುಗನಾದರೂ ಹೇಳುತ್ತಿದ್ದ. ಆದರೆ ಅವನನ್ನು ಕೇಳಬೇಕೆಂದರೆ ಕಾರಿನ ಗಾಜು ಇಳಿಸಬೇಕು. ಎಸಿ ಹೊರಗೆ ಹೋಗುತ್ತದೆ.

ಮ್ಯಾಪಿನ ದನಿಯನ್ನು ಗಮನಿಸಿದ್ದೀರಾ? "ಇನ್ನೂರು ಮೀಟರ್ ಮುಂದೆ ಬಲಕ್ಕೆ ತಿರುಗಿ." ಸಂಶಯದ ಎಳೆಯೂ ಇಲ್ಲ. "ಬಹುಶಃ" ಎನ್ನುವುದಿಲ್ಲ. "ನನಗೂ ಸರಿಯಾಗಿ ಗೊತ್ತಿಲ್ಲ, ಅಲ್ಲಿ ಯಾರನ್ನಾದರೂ ಕೇಳಿ" ಎನ್ನುವುದಿಲ್ಲ. ಆಜ್ಞೆ ಅಷ್ಟೇ.

ಈಗ ಗೂಗಲ್ ಕಂಪನಿಯ ಷರತ್ತುಗಳನ್ನು ಓದಿ. ನೀವು ಓದಿಲ್ಲ, ಯಾರೂ ಓದಿಲ್ಲ. "ಒಪ್ಪಿದ್ದೇನೆ" ಎಂದು ಒತ್ತಿದ್ದೀರಿ. ನಿಜವಾದ ಪರಿಸ್ಥಿತಿ ನಕ್ಷೆಯಲ್ಲಿ ಇರುವಂತೆ ಇಲ್ಲದಿರಬಹುದು, ಸ್ವಂತ ವಿವೇಚನೆ ಬಳಸಿ, ಅಪಾಯವೇನಿದ್ದರೂ ನಿಮ್ಮದು ಎಂಬ ಅರ್ಥದ ಮಾತು ಅಲ್ಲಿದೆ. ಬಾಯಲ್ಲಿ ಆಜ್ಞೆ, ಕಾಗದದಲ್ಲಿ ನುಣುಚಾಟ. ಗಿಣಿಶಾಸ್ತ್ರದವನು ಕೂಡ ಕಾರ್ಡು ತೆಗೆಸಿದ ಮೇಲೆ ಇಷ್ಟು ಬೇಗ ಕೈ ತೊಳೆದುಕೊಳ್ಳುವುದಿಲ್ಲ.

ಕ್ಷಮೆ ಕೇಳಿದವರೂ ಇದ್ದಾರೆ, ಇಲ್ಲವೆನ್ನಲಾರೆ. 2012ರಲ್ಲಿ ಆಪಲ್ ತನ್ನದೇ ನಕ್ಷೆ ಬಿಟ್ಟಿತು. ಸೇತುವೆಗಳು ಬಳುಕಿದವು, ಊರುಗಳು ಓಡಾಡಿದವು. ಟಿಮ್ ಕುಕ್ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದರು. ನಮ್ಮದು ಸರಿಹೋಗುವವರೆಗೆ ಬೇರೆಯವರ ನಕ್ಷೆ ಬಳಸಿ ಎಂದೂ ಹೇಳಿದರು. ಅದು ಸೆಪ್ಟೆಂಬರ್. ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪೊಲೀಸರು ಹೇಳಿಕೆ ಹೊರಡಿಸಬೇಕಾಯಿತು. ಮಿಲ್ಡುರಾ ಊರಿಗೆ ಹೊರಟವರನ್ನು ಆ ನಕ್ಷೆ ಸುಮಾರು 70 ಕಿಲೋಮೀಟರ್ ಆಚೆ, ನೀರು ನೆರಳಿಲ್ಲದ ರಾಷ್ಟ್ರೀಯ ಉದ್ಯಾನದ ನಡುವೆ ಬಿಡುತ್ತಿತ್ತು. ಪ್ರಾಣಕ್ಕೇ ಸಂಚಕಾರ ಎಂದು ಪೊಲೀಸರು ಎಚ್ಚರಿಸಿದರು. ಕ್ಷಮೆ ಬೇಗ ಬಂತು. ಊರು ತನ್ನ ಜಾಗಕ್ಕೆ ಬರಲು ತಡವಾಯಿತು.

ಹಾಗಾದರೆ ಕಂಪನಿಗಳೇ ಖಳನಾಯಕರು, ಸರ್ಕಾರ ಸಾಧು ಎಂದುಕೊಂಡಿರಾ? ಬರೇಲಿಗೆ ಬನ್ನಿ.

2024ರ ನವೆಂಬರ್. ಉತ್ತರ ಪ್ರದೇಶದ ಫರೀದ್‌ಪುರದ ಬಳಿ ರಾಮಗಂಗಾ ನದಿಯ ಸೇತುವೆ. ಅದರ ಮುಂದಿನ ಭಾಗ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಮ್ಯಾಪು ಮಾತ್ರ ಸೇತುವೆಯನ್ನು ಈ ದಡದಿಂದ ಆ ದಡಕ್ಕೆ ಮುಟ್ಟಿಸಿತ್ತು. ಕಾರು ಸೇತುವೆ ಹತ್ತಿತು. ಮೂವರು ಸತ್ತರು.

ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ಮ್ಯಾಪು ಕೊಂದಿತು. ಸುದ್ದಿವಾಹಿನಿಗಳಿಗೆ ಹಬ್ಬ. ಆದರೆ ಸೇತುವೆ ಮುರಿದದ್ದು ಉಪಗ್ರಹಕ್ಕೆ ಗೊತ್ತಿರಲಿಲ್ಲ, ಒಪ್ಪೋಣ. ಲೋಕೋಪಯೋಗಿ ಇಲಾಖೆಗೆ ಗೊತ್ತಿತ್ತಲ್ಲ? ಸೇತುವೆ ಕಟ್ಟಲು ಟೆಂಡರ್ ಬೇಕು. ಮುರಿದ ಸೇತುವೆಗೆ ಅಡ್ಡಲಾಗಿ ನಾಲ್ಕು ಡ್ರಮ್ಮು, ಒಂದು ಹಗ್ಗ ಇಡಲು ಯಾವ ಟೆಂಡರ್ ಬೇಕಿತ್ತು? ಪೊಲೀಸರು ಎಫ್‌ಐಆರ್‌ನಲ್ಲಿ ಇಲಾಖೆಯ ಎಂಜಿನಿಯರ್‌ಗಳ ಜೊತೆಗೆ ಮ್ಯಾಪ್ ಕಂಪನಿಯ ಹೆಸರಿಲ್ಲದ ಅಧಿಕಾರಿಯೊಬ್ಬರನ್ನೂ ಸೇರಿಸಿದರು. ಒಳ್ಳೆಯದೇ. ಇನ್ನು ಇಬ್ಬರೂ ಒಬ್ಬರನ್ನೊಬ್ಬರು ತೋರಿಸಬಹುದು. ಬೆರಳು ತೋರಿಸಲು ನಕ್ಷೆ ಬೇಕಿಲ್ಲ.

ನಮ್ಮ ಸರ್ಕಾರಗಳ ನಕ್ಷೆ ಪ್ರೇಮವೇ ಒಂದು ಪುರಾಣ. ಸರ್ವೆ ಆಫ್ ಇಂಡಿಯಾ ಹುಟ್ಟಿದ್ದು 1767ರಲ್ಲಿ. ದೇಶವನ್ನು ಸರಪಳಿ ಹಿಡಿದು ಅಳೆದ ಸಂಸ್ಥೆ. ಆ ಅಳತೆಯೆಲ್ಲ ದಶಕಗಳ ಕಾಲ ಅನುಮತಿ, ಲೈಸೆನ್ಸು, ನಿರ್ಬಂಧಗಳ ಬೀಗದೊಳಗಿತ್ತು. ನಿಮ್ಮ ತೆರಿಗೆಯಿಂದ ಮಾಡಿದ ನಕ್ಷೆ ನೋಡಲು ನೀವು ಅರ್ಜಿ ಹಾಕಬೇಕಿತ್ತು. ಅಷ್ಟರಲ್ಲಿ ವಿದೇಶಿ ಕಂಪನಿ ನಿಮ್ಮ ಮನೆಯ ತಾರಸಿಯ ಸಿಂಟೆಕ್ಸ್ ಟ್ಯಾಂಕಿನವರೆಗೂ ತೋರಿಸತೊಡಗಿತ್ತು. 2021ರ ಫೆಬ್ರವರಿಯಲ್ಲಿ ಸರ್ಕಾರಕ್ಕೆ ಜ್ಞಾನೋದಯವಾಯಿತು. ಜಗತ್ತಿಗೆಲ್ಲ ಸಿಗುವುದನ್ನು ಇಲ್ಲಿ ಬಚ್ಚಿಡುವುದರಲ್ಲಿ ಅರ್ಥವಿಲ್ಲ ಎಂದಿತು. ಇಷ್ಟು ಹೇಳಲು ಇಷ್ಟು ವರ್ಷ.

ಬೆಂಗಳೂರಿನದೂ ಅದೇ ರಾಗ. 2011ರಲ್ಲಿ ಬೀದಿ ಬೀದಿ ಚಿತ್ರ ತೆಗೆಯಲು ಗೂಗಲ್ ಕಾರು ಬಂತು. ಕೆಲವೇ ವಾರಗಳಲ್ಲಿ ಪೊಲೀಸರು ಭದ್ರತೆಯ ಹೆಸರಿನಲ್ಲಿ ತಡೆದರು. 2022ರಲ್ಲಿ ಅದೇ ಸೇವೆ ಭಾರತೀಯ ಕಂಪನಿಗಳ ಕೈಹಿಡಿದು ಬಂದಾಗ ಮೊದಲ ನಗರಗಳ ಪಟ್ಟಿಯಲ್ಲಿ ಬೆಂಗಳೂರೂ ಇತ್ತು. ನಡುವಿನ ವರ್ಷಗಳಲ್ಲಿ ನಮ್ಮ ಬೀದಿಗಳ ಗುಂಡಿಗಳು ಭದ್ರವಾಗಿದ್ದವು.

ಈಗ ಹೆಸರುಗಳಿಗೆ ಬರೋಣ. ಇಲ್ಲಿ ಮಾತ್ರ ನನಗೆ ಮ್ಯಾಪಿನ ಮೇಲೆ ಸ್ವಲ್ಪ ಕರುಣೆ.

ರಸ್ತೆಗೆ ಹೆಸರಿಡುವುದು ನಮ್ಮ ನಾಯಕರ ಪ್ರೀತಿಯ ಕೆಲಸ. ಡಾಂಬರು ಹಾಕುವುದಕ್ಕಿಂತ ಅಗ್ಗ. ರೆಸಿಡೆನ್ಸಿ ರಸ್ತೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಾಯಿತು. ರಿಚ್ಮಂಡ್ ರಸ್ತೆ ಜನರಲ್ ತಿಮ್ಮಯ್ಯ ರಸ್ತೆಯಾಯಿತು. ಕನ್ನಿಂಗ್‌ಹ್ಯಾಮ್ ರಸ್ತೆಗೆ ಸಂಪಂಗಿ ರಾಮಸ್ವಾಮಿ ದೇವಸ್ಥಾನದ ಹೆಸರು, ಇನ್‌ಫೆಂಟ್ರಿ ರಸ್ತೆಗೆ ಭಗವಾನ್ ಮಹಾವೀರರ ಹೆಸರು. ಕಾರ್ಯಕ್ರಮವಾಯಿತು, ಹಾರ ಬಿತ್ತು, ಫೋಟೋ ಬಂತು. ಮಾರನೇ ದಿನ ಆಟೋದವನನ್ನು ಕೇಳಿ, "ಭಗವಾನ್ ಮಹಾವೀರ ರಸ್ತೆಗೆ ಬರ್ತೀರಾ?" ಬಸದಿಗೆ ಕರೆದುಕೊಂಡು ಹೋಗುತ್ತಾನೆ. ಕೆಂಗಲ್ ಹನುಮಂತಯ್ಯ ವಿಧಾನಸೌಧ ಕಟ್ಟಿಸಿದವರು. ಅವರ ಹೆಸರಿನ ರಸ್ತೆಯನ್ನು ಊರು ಇವತ್ತಿಗೂ ಡಬಲ್ ರೋಡು ಎನ್ನುತ್ತದೆ. ಎಚ್‌ಎಎಲ್‌ನಿಂದ ಸಾರ್ವಜನಿಕ ವಿಮಾನಗಳು ದೇವನಹಳ್ಳಿಗೆ ಹೋದದ್ದು 2008ರಲ್ಲಿ. ಏರ್‌ಪೋರ್ಟ್ ರಸ್ತೆ ಮಾತ್ರ ಇದ್ದಲ್ಲೇ ಇದೆ, ವಿಮಾನ ಹಿಡಿಯುವವರಿಲ್ಲದೆ.

ಮಾತಿನಲ್ಲಿ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು. ಮ್ಯಾಪು ಎರಡನ್ನೂ ಬಿಟ್ಟು ಮೂರನೆಯದನ್ನು ಬರೆಯುತ್ತದೆ. ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಹೊಸ ಬಡಾವಣೆಗಳಲ್ಲಿ ಹೆಸರಿನ ಗೋಜೇ ಇಲ್ಲ. ಅಂಕಿ. ಮೊದಲನೇ ಮೇನ್, ಎರಡನೇ ಕ್ರಾಸ್. ಈ ಊರಿನಲ್ಲಿ ಮೊದಲನೇ ಕ್ರಾಸುಗಳು ಎಷ್ಟಿವೆ ಎಂದು ಬ್ರಹ್ಮನಿಗೂ ಗೊತ್ತಿರಲಾರದು. ಎರಡನೇ ಕ್ರಾಸಿನ ಪಕ್ಕ ಮೂರನೇ ಕ್ರಾಸ್ ಇರಬೇಕೆಂಬ ನಿಯಮವೂ ಇಲ್ಲ. ನಡುವೆ ಎರಡು-ಎ ಹುಟ್ಟಿರುತ್ತದೆ, ಯಾರೋ ಕಾರ್ಪೊರೇಟರ್ ಕಾಲದಲ್ಲಿ. ಜಯನಗರದಲ್ಲಿ ನಾಲ್ಕನೇ ಬ್ಲಾಕೂ ಇದೆ, ನಾಲ್ಕನೇ ಟಿ ಬ್ಲಾಕೂ ಇದೆ. ಹೊಸಬನಿಗೆ ಇದನ್ನು ವಿವರಿಸುವ ಹೊತ್ತಿಗೆ ಟೀ ಆರಿರುತ್ತದೆ.

ಇನ್ನು ಬೋರ್ಡು. ಇದ್ದರೆ ಅದರ ಮೇಲೆ ಪೇಯಿಂಗ್ ಗೆಸ್ಟ್ ಪೋಸ್ಟರ್, ಅದರ ಮೇಲೆ ಮೂಲವ್ಯಾಧಿ ಚಿಕಿತ್ಸೆ, ಅದರ ಮೇಲೆ ಮರಿನಾಯಕರ ಹುಟ್ಟುಹಬ್ಬದ ಶುಭಾಶಯ. ರಸ್ತೆ ಅಗೆದವರು ಬೋರ್ಡನ್ನೂ ಕಿತ್ತರು. ಗುಂಡಿ ಮುಚ್ಚಿದರು, ಅರ್ಧ. ಬೋರ್ಡು ಮತ್ತೆ ನೆಡಲಿಲ್ಲ. ಹೆಸರಿಟ್ಟವರಿಗೆ ಅದನ್ನು ಬರೆಯುವ ಪುರುಸೊತ್ತಿಲ್ಲ. ಬರೆಯುವವರು ಆ ರಸ್ತೆಯನ್ನು ಕಂಡಿಲ್ಲ.

ಖಾಲಿ ಜಾಗ ಯಾವತ್ತೂ ಖಾಲಿ ಉಳಿಯುವುದಿಲ್ಲ. ಇದು ನಿವೇಶನಕ್ಕೂ ನಿಜ, ನಕ್ಷೆಗೂ ನಿಜ. ಒತ್ತುವರಿ ಶುರು. ಬಿಲ್ಡರ್ ಬರುತ್ತಾನೆ. ಕೆರೆಯಂಗಳದ ಪಕ್ಕದ ಮಣ್ಣುದಾರಿಗೆ ತನ್ನ ಅಪಾರ್ಟ್‌ಮೆಂಟಿನ ಹೆಸರಿಟ್ಟು ಪಿನ್ ಚುಚ್ಚುತ್ತಾನೆ. ಊರ ಹೆಸರು ಹಳ್ಳಿಯದ್ದಾಯಿತಲ್ಲ, ಅದಕ್ಕೆ ಪಕ್ಕದ ದುಬಾರಿ ಬಡಾವಣೆಯ ಹೆಸರನ್ನು ಎಳೆದು ತನ್ನ ಗೇಟಿನವರೆಗೆ ಹಾಸುತ್ತಾನೆ. ಮೂಲೆ ಮನೆಯ ಹುಡುಗ ತನ್ನ ಮನೆಗೆ "ಬಾಸ್ ಅರಮನೆ" ಎಂದು ಹೆಸರಿಟ್ಟು ಪ್ರವಾಸಿ ತಾಣ ಎಂದು ಸೇರಿಸುತ್ತಾನೆ. ಐದು ಸ್ಟಾರೂ ಕೊಟ್ಟುಕೊಳ್ಳುತ್ತಾನೆ. ಪಕ್ಕದ ಹಳೇ ಗುಡಿಗೆ ಒಂದು ಚುಕ್ಕೆಯೂ ಇಲ್ಲ. ದೇವರಿಗೆ ಸ್ಮಾರ್ಟ್‌ಫೋನ್ ಇಲ್ಲ.

ಇದೆಲ್ಲ ಮಾಡಿದವರು ನಾವೇ. ಮ್ಯಾಪು ತಪ್ಪಾಗಿದೆ ಎಂದು ಕೂಗುವವರೂ ನಾವೇ.

ಜನರ ಕೈಗೆ ಪೆನ್ಸಿಲ್ ಕೊಟ್ಟರೆ ಏನಾಗುತ್ತದೆ ಎಂದು ಕಂಪನಿಗೆ ಗೊತ್ತಿಲ್ಲದೇ ಇಲ್ಲ. 2015ರಲ್ಲಿ ಪಾಕಿಸ್ತಾನದ ರಾವಲ್ಪಿಂಡಿ ಬಳಿ ಗೂಗಲ್ ನಕ್ಷೆಯ ಮೇಲೆ ಆ್ಯಂಡ್ರಾಯ್ಡ್ ಬೊಂಬೆಯೊಂದು ಆಪಲ್ ಲಾಂಛನದ ಮೇಲೆ ಮೂತ್ರ ಹೊಯ್ಯುವ ಚಿತ್ರ ಪ್ರತ್ಯಕ್ಷವಾಯಿತು. ಯಾರೋ ಅದನ್ನು ಪಾರ್ಕ್ ಎಂದು ಬಿಡಿಸಿದ್ದರು. ಜನರೇ ನಕ್ಷೆ ತಿದ್ದುವ ಆ ವ್ಯವಸ್ಥೆಗೆ ಕೆಲಕಾಲ ಬೀಗ ಬಿತ್ತು, 2017ರಲ್ಲಿ ಪೂರ್ತಿ ಮುಚ್ಚಿತು. ಪಾಠ ಕಲಿತರೇ? ಕಲಿತರು. ಈಗ ತಿದ್ದಿದವರಿಗೆ ಅಂಕ ಕೊಡುತ್ತಾರೆ, ಬ್ಯಾಡ್ಜ್ ಕೊಡುತ್ತಾರೆ. ಸಂಬಳ ಕೊಡುವುದಿಲ್ಲ. ನೀವು ಬಿಟ್ಟಿ ತಿದ್ದಿಕೊಟ್ಟ ನಕ್ಷೆಯ ಮೇಲೆ ಅವರು ಜಾಹೀರಾತು ಮಾರುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದೂ 2004ರಿಂದ ಜನರೇ ಬಿಡಿಸುತ್ತಿರುವ ನಕ್ಷೆ. ಅಲ್ಲೂ ತಪ್ಪಿದೆ. ಆದರೆ ಅಲ್ಲಿ ತಿದ್ದಿದ್ದು ಎಲ್ಲರಿಗೂ ಸೇರುತ್ತದೆ, ಷೇರುದಾರರಿಗಲ್ಲ.

ನಮ್ಮ ಬೀದಿಯ ತಪ್ಪು ಹೆಸರನ್ನು ನಾವೆಲ್ಲ ಸೇರಿ ಮ್ಯಾಪ್ ಕಂಪನಿಯೊಂದಕ್ಕೆ ತಿಳಿಸಿದೆವು. ಬೀದಿಯಲ್ಲಿ ಹುಟ್ಟಿ ಬೆಳೆದವರು ಹೇಳಿದೆವು. ಉತ್ತರ ಬಂತು: ನಿಮ್ಮ ಸಲಹೆಗೆ ಧನ್ಯವಾದ, ಇದನ್ನು ದೃಢಪಡಿಸಿಕೊಳ್ಳಲು ಆಗಲಿಲ್ಲ. ಬಾಸ್ ಅರಮನೆಯನ್ನು ಮಾತ್ರ ಹೇಗೋ ದೃಢಪಡಿಸಿಕೊಂಡಿದ್ದಾರೆ.

ಈ ಜಟಾಪಟಿಯಲ್ಲಿ ನಿಜಕ್ಕೂ ಬೈಸಿಕೊಳ್ಳುವವನು ಯಾರು? ಬೆನ್ನಿಗೆ ಚೀಲ ಕಟ್ಟಿಕೊಂಡ ಡೆಲಿವರಿ ಹುಡುಗ.

"ಸರ್, ಲೊಕೇಶನ್ ಇಲ್ಲೇ ತೋರಿಸ್ತಿದೆ."

"ಇಲ್ಲೇ ಅಂದ್ರೆ ಎಲ್ಲಪ್ಪಾ?"

"ಮೋರಿ ಹತ್ರ ಸರ್. ಮುಂದೆ ಗೋಡೆ ಇದೆ."

"ಗೋಡೆ ಹಿಂದೆನೇ ನಮ್ಮನೆ. ಸುತ್ತ್ಕೊಂಡ್ ಬಾ."

ಸುತ್ತಿಕೊಂಡು ಬರಲು ಎರಡು ಕಿಲೋಮೀಟರ್. ಆ ಪೆಟ್ರೋಲು ಅವನದು. ತಡವಾದ ತಪ್ಪೂ ಅವನದು. ಕುಷ್ಟಗಿಯಿಂದಲೋ ಸಿರುಗುಪ್ಪದಿಂದಲೋ ಬಂದ ಹುಡುಗ, ಊರಿನಲ್ಲಿ ಒಮ್ಮೆ ನಡೆದ ದಾರಿಯನ್ನು ಕತ್ತಲಲ್ಲೂ ಮರೆಯದವನು, ಇಲ್ಲಿ ಮೋರಿ ಪಕ್ಕ ನಿಂತು ಬೈಸಿಕೊಳ್ಳುತ್ತಾನೆ. ಇಡ್ಲಿ ತಣ್ಣಗಾಯಿತೆಂದು ನಾವು ಒಂದು ಸ್ಟಾರ್ ಕೊಡುತ್ತೇವೆ. ಬೋರ್ಡು ಹಾಕದವರಿಗೆ, ಗೋಡೆಯನ್ನು ರಸ್ತೆ ಎಂದು ಬರೆದವರಿಗೆ ಸ್ಟಾರ್ ಕೊಡುವ ವ್ಯವಸ್ಥೆ ಇಲ್ಲ. ಒಬ್ಬರಿಗೆ ಐದು ವರ್ಷಕ್ಕೊಮ್ಮೆ ಮತ ಕೊಡಬಹುದು, ಪಾಲಿಕೆ ಚುನಾವಣೆ ನಡೆಸುವ ಮನಸ್ಸಾದರೆ.

ಸುಧಾರಣೆ ಆಗುತ್ತಿದೆ ಎನ್ನುವವರೂ ಇದ್ದಾರೆ. ಆಗುತ್ತಿದೆ. ಮುಂದೆ ಮೇಲ್ಸೇತುವೆ ಇದೆ, ಹತ್ತಬೇಕೋ ಕೆಳಗೆ ಹೋಗಬೇಕೋ ಎಂದು ಗೂಗಲ್ ಮ್ಯಾಪ್ಸ್ ಭಾರತದಲ್ಲಿ ಹೇಳತೊಡಗಿದ್ದು 2024ರಲ್ಲಿ. ಅಲ್ಲಿಯವರೆಗೆ ಎಷ್ಟು ಜನ ಹತ್ತಬಾರದ ಸೇತುವೆ ಹತ್ತಿ, ಹೋಗಬಾರದ ಊರು ಸೇರಿ ವಾಪಸು ಬಂದರೋ. ಬೆಂಗಳೂರಿನಲ್ಲಿ ಈಗ ಒಂದಿದ್ದ ಪಾಲಿಕೆ ಐದಾಗಿದೆ. ಐದು ಪಾಲಿಕೆ ಎಂದರೆ ಐದು ಗಡಿ. ಗಡಿಯ ಮೇಲಿನ ಬೀದಿಗೆ ಯಾರು ಬೋರ್ಡು ಹಾಕಬೇಕು ಎಂದು ಬರೆದು ಕೇಳಿ ನೋಡಿ. ಉತ್ತರ ಬಂದರೆ ನನಗೂ ತಿಳಿಸಿ.

ನಮ್ಮ ಬೀದಿಗೆ ಬೋರ್ಡಿಲ್ಲ ಎಂದು ದೂರು ಕೊಡಲು ಆ್ಯಪ್ ಒಂದಿದೆ. ತೆರೆದೆ. ಲೊಕೇಶನ್ ಆನ್ ಮಾಡಿ ಎಂದಿತು. ಮಾಡಿದೆ. ರಸ್ತೆಯ ಹೆಸರನ್ನು ಅದೇ ತುಂಬಿಕೊಂಡಿತು, ಮ್ಯಾಪಿನಲ್ಲಿರುವ ತಪ್ಪು ಹೆಸರನ್ನು. ಅಳಿಸಲು ಬರುವುದಿಲ್ಲ. ಹಾಗೇ ಒತ್ತಿದೆ. ಇಲ್ಲದ ಬೀದಿಗೆ ಬೋರ್ಡಿಲ್ಲ ಎಂಬ ದೂರು ದಾಖಲಾಯಿತು. ಸಂಜೆಯೊಳಗೆ ಮೆಸೇಜ್ ಬಂತು: ಸ್ಥಳ ಪರಿಶೀಲನೆ ಮಾಡಲಾಗಿದೆ, ನಿಮ್ಮ ಸಮಸ್ಯೆ ಬಗೆಹರಿದಿದೆ.