ಘಟಪ್ರಭೆಯಲ್ಲಿ ಹಾಯಿದೋಣಿ

ಯಾರೋ ಗಂಡ-ಹೆಂಡಿರು ಹಾಯಿದೋಣಿಯಲ್ಲೇ ಸಂಸಾರ ಹೂಡಿ ಲೋಕ ಸುತ್ತುತ್ತಾರಂತೆ. ಕೇಳಿದಾಗಿನಿಂದ ನನಗೂ ಹುಕಿ. ಹುಕ್ಕೇರಿ ಕಡೆಯ ಹಿಡಕಲ್ ಜಲಾಶಯದಲ್ಲಿ ಹಾಯಿ ಬಿಚ್ಚಿ, ಗೋಕಾಕ ದಾಟಿ, ಮೂಡಲಗಿ ಸೀಮೆಗೆ ತೇಲುವುದು!

“ಡ್ಯಾಮಿನ ಗೇಟ್ ಯಾರ್ ತೆಗೀತಾರ? ತೆಗದ್ರೂ ಮುಂದ ಗೋಕಾಕ ಫಾಲ್ಸ್ ಐತ್ರೀ, 52 ಮೀಟರ್! ನೀವ್ ಇಳೀರಿ, ನಾ ತೂಗುಸೇತುವೆ ಮ್ಯಾಲ ನಿಂತು ಕೈ ಬೀಸ್ತೇನಿ,” ಎಂದಳು ನನ್ನ ಹೆಂಡತಿ.

ಬೇಸಿಗೆಯಲ್ಲಿ ಹಿಡಕಲ್ ನೀರಿಳಿದರೆ ಮುಳುಗಿದ್ದ ಹುನ್ನೂರಿನ ವಿಠ್ಠಲನ ಗುಡಿಯೇ ಮೇಲೇಳುತ್ತದೆ. ದೋಣಿ ಕಟ್ಟೆಗೆ ಬಡಿದರೂ ದರ್ಶನವಂತೂ ಖಚಿತ.

ಕೊನೆಗೆ ಹರಿಗೋಲಿಗೆ ಇಳಿದೆ. ಬಿದಿರು ಹೆಣೆದು, ಹೊರಗೆ ಡಾಂಬರು ಬಳಿದರೆ ಕೆಲಸ ಮುಗಿಯಿತು. ಆದರೆ ಹುಟ್ಟು ಒಂದೇ ಬದಿಗೆ ಹಾಕಿದರೆ ನಿಂತಲ್ಲೇ ಗಿರಕಿ.

“ಮನ್ಯಾಗ ಅದನ್ನ ಮಾಡಾಕತ್ತೀವಲ್ರೀ, ಹೊಸಾದೇನು?”

ತಂದ ಡಾಂಬರನ್ನು ಈಗ ಸೋರುವ ಮಾಳಿಗೆಗೆ ಬಳಿಯುತ್ತಿದ್ದೇನೆ. ಮೇಲ್ವಿಚಾರಣೆ ಆಕೆಯದೇ.