ಪ್ಯಾನೆಲ್ ಏರಿಸುವ ಮುನ್ನ: ಕೆಂಗೇರಿ ಉಪನಗರದ ಮನೆಯವರಿಗೆ ಒಂದು ಬಹಿರಂಗ ಪತ್ರ

ನೆರೆಹೊರೆಯ ಬಂಧುಗಳೇ,

ನಮ್ಮ ಉಪನಗರದ ಅಡ್ಡರಸ್ತೆಗಳ ತಾರಸಿಗಳಲ್ಲಿ ನೀರು ಕಾಯಿಸುವ ಸೋಲಾರ್ ಟ್ಯಾಂಕುಗಳು ಹಳೆಯ ಪರಿಚಯ. ಈಗ ಅವುಗಳ ಪಕ್ಕದಲ್ಲಿ ಕರೆಂಟು ಕೊಡುವ ಪ್ಯಾನೆಲ್‌ಗಳು ಏಳುತ್ತಿವೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಇನ್ನಷ್ಟು ಮನೆಗಳು ಹಾಕಿಸಿಕೊಳ್ಳಲಿ ಎಂಬುದೇ ನನ್ನ ಆಸೆ. ಆದರೆ ಗುತ್ತಿಗೆದಾರರೊಡನೆ ನಮ್ಮ ಮಾತೆಲ್ಲ ಸಬ್ಸಿಡಿ ಎಷ್ಟು, ಬಿಲ್ ಎಷ್ಟು ಇಳಿಯುತ್ತದೆ, ಪ್ಯಾನೆಲ್ ಯಾವ ಕಂಪನಿಯದು ಎಂಬಲ್ಲಿಗೆ ಮುಗಿದುಬಿಡುತ್ತದೆ. ಅದು ಯಾವುದರ ಮೇಲೆ ನಿಲ್ಲುತ್ತದೆ, ಗಾಳಿ ಬೀಸಿದಾಗ ಯಾವುದು ಹಿಡಿದಿಡುತ್ತದೆ ಎಂದು ಕೇಳುವವರು ಕಡಿಮೆ. ದಯವಿಟ್ಟು ಕೇಳಿ.

ಪ್ಯಾನೆಲ್ ಭಾರವಾಗಿದೆ, ಹಾಗಾಗಿ ಅಲುಗದು ಎಂಬ ನಂಬಿಕೆ ತಪ್ಪು. ಗಾಳಿಯ ಹೊರೆಯ ಭಾರತೀಯ ಮಾನಕವಾದ ಐಎಸ್ 875ರ ಮೂರನೆಯ ಭಾಗ ಬೆಂಗಳೂರಿಗೆ ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು 65 ಕೆಜಿ ತೂಕಕ್ಕೆ ಸಮ. 3 ಕಿಲೋವ್ಯಾಟ್‌ಗೆ ಬೇಕಾಗುವ ಆರು ದೊಡ್ಡ ಪ್ಯಾನೆಲ್‌ಗಳ ಹರವು ಸುಮಾರು 15 ಚದರ ಮೀಟರ್, ಒಟ್ಟು ತೂಕ 170 ಕೆಜಿಯ ಆಸುಪಾಸು. ಗಾಳಿ ಪೂರ್ತಿ ತಾಗಿದರೆ ಎತ್ತುವ ಬಲ ಒಂದು ಟನ್ನಿಗೆ ಹತ್ತಿರವಾಗುತ್ತದೆ. ತೂಕವೊಂದನ್ನೇ ನಂಬಿದರೆ ಸೋಲು ಖಚಿತ.

30x40ರ ಸೈಟಿನಲ್ಲಿ ತಾರಸಿಯೇ ಅಂಗಳ. ಬಟ್ಟೆ ಒಣಗಿಸಬೇಕು, ಸಂಡಿಗೆ ಹಾಕಬೇಕು, ನೆಂಟರಿಗೆ ಎಲೆ ಹಾಸಬೇಕು. ಹಾಗಾಗಿ ಪ್ಯಾನೆಲ್‌ಗಳನ್ನು ಎಂಟು ಹತ್ತು ಅಡಿ ಎತ್ತರಕ್ಕೆ ಏರಿಸುತ್ತೇವೆ. ಆಸೆ ನ್ಯಾಯವಾದದ್ದೇ, ಆದರೆ ಎತ್ತರಿಸಿದಷ್ಟೂ ಅಡಿಯಿಂದ ನುಗ್ಗುವ ಗಾಳಿ ಪ್ಯಾನೆಲ್‌ಗಳನ್ನು ಕೊಡೆಯಂತೆ ಎತ್ತುತ್ತದೆ. ತಾರಸಿಯ ಅಂಚಿನಲ್ಲೂ ಮೂಲೆಯಲ್ಲೂ ಎಳೆತ ಇನ್ನೂ ಹೆಚ್ಚು. ಎತ್ತರ ಬೇಕೇಬೇಕು ಎಂದಾದರೆ ಕಂಬಗಳಿಗೆ ಅಡ್ಡಪಟ್ಟಿ, ಓರೆಪಟ್ಟಿ ಇರಲಿ. ಕಬ್ಬಿಣ ಬಿಸಿ ಸತುವಿನಲ್ಲಿ ಅದ್ದಿದ್ದಾಗಿರಲಿ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಇಟ್ಟಿಗೆಯ ಪ್ಯಾರಪೆಟ್ ಗೋಡೆಗೆ ಕಂಬ ಕಟ್ಟಲು ಬಿಡಬೇಡಿ. ಆ ಗೋಡೆ ಅಂಥ ಹೊರೆಗೆ ಕಟ್ಟಿದ್ದಲ್ಲ. ಹಳೆಯ ಮನೆಗಳಲ್ಲಿ ಮೋಲ್ಡಿನ ಮೇಲೆ ಇಟ್ಟಿಗೆಚೂರಿನ ಗಾರೆ ಹಾಸಿರುತ್ತದೆ. ಕಾಂಕ್ರೀಟು ಪೀಠ ಆ ಗಾರೆಯ ಮೇಲಲ್ಲ, ಕೆಳಗಿನ ಮೋಲ್ಡಿಗೇ ಕಚ್ಚಿಕೊಂಡಿರಬೇಕು. ಕೊರೆದ ಜಾಗಕ್ಕೆ ಅಂದೇ ವಾಟರ್‌ಪ್ರೂಫಿಂಗ್ ಆಗಬೇಕು; ಇಲ್ಲವಾದರೆ ಮೊದಲ ಮಳೆಗೇ ಸೂರು ಸೋರುತ್ತದೆ.

ದಿಕ್ಕು ಮತ್ತು ಓರೆ ನಮ್ಮ ಊರಿನ ಲೆಕ್ಕದಲ್ಲೇ ಇರಲಿ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೇ ಬಂದು ನಮ್ಮ ನೆರಳೇ ಕಾಣದಾಗುತ್ತದೆ. ಆ ಎರಡು ದಿನಗಳ ನಡುವೆ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ವರ್ಷದ ಉಳಿದ ಹೆಚ್ಚಿನ ಕಾಲ ದಕ್ಷಿಣಕ್ಕೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿ 10ರಿಂದ 15 ಡಿಗ್ರಿ ಓರೆ ಕೊಟ್ಟರೆ ಸಾಕು. ಮಳೆನೀರು ಧೂಳನ್ನೂ ತೊಳೆದುಕೊಂಡು ಹೋಗುತ್ತದೆ. ದೆಹಲಿಯವರಿಗೆ ಬೇಕಾದ ಕಡಿದಾದ ಓರೆ ಇಲ್ಲಿ ಗಾಳಿಗಷ್ಟೇ ಅನುಕೂಲ. ನೀರಿನ ಟ್ಯಾಂಕ್, ಪಕ್ಕದ ಮನೆಯ ಮೇಲಂತಸ್ತು, ತೆಂಗಿನಮರ ಇವುಗಳ ನೆರಳನ್ನು ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ನೋಡಿ ಜಾಗ ಗೊತ್ತುಮಾಡಿ.

ಇನ್ನು ಕರೆಂಟಿನ ಮಾತು. ಬೆಸ್ಕಾಂ ಲೈನ್ ಹೋದಾಗ ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರ್ ತಾನೇ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ನ ಜೀವ ಉಳಿಸಲೆಂದೇ ಆ ಏರ್ಪಾಡು. ಆದರೆ ಪ್ಯಾನೆಲ್ ನಿಲ್ಲುವುದಿಲ್ಲ. ಬಿಸಿಲಿರುವಷ್ಟು ಹೊತ್ತೂ, ಸಾಲಾಗಿ ಜೋಡಿಸಿದ ಆರು ಪ್ಯಾನೆಲ್‌ಗಳ ವೈರಿನಲ್ಲಿ ಸುಮಾರು 300 ವೋಲ್ಟ್ ಡಿಸಿ ಇರುತ್ತದೆ. ಸಡಿಲವಾದ ಕನೆಕ್ಟರಿನಲ್ಲಿ ಹತ್ತಿದ ಡಿಸಿ ಕಿಡಿ ಸುಲಭವಾಗಿ ಆರದು. ಬೆಂಕಿಗೆ ಅಷ್ಟೇ ಸಾಕು. ಡಿಸಿಗೆ, ಎಸಿಗೆ, ಸಿಡಿಲು ನಿರೋಧಕಕ್ಕೆ ಬೇರೆ ಬೇರೆ ಅರ್ತಿಂಗ್ ಗುಂಡಿ ಇವೆಯೇ ಎಂದು ನೀವೇ ನಿಂತು ನೋಡಿ.

ಮೇಲೆ ಹತ್ತುವ ಹುಡುಗರನ್ನೂ ನೆನೆಯಿರಿ. ನಮ್ಮ ಕಿರಿದಾದ ಅಡ್ಡರಸ್ತೆಗಳಲ್ಲಿ ವಿದ್ಯುತ್ ತಂತಿಗಳು ಬಾಲ್ಕನಿಯ ಹತ್ತಿರವೇ ಹಾಯ್ದಿರುತ್ತವೆ. ಉದ್ದನೆಯ ಅಲ್ಯೂಮಿನಿಯಂ ಪಟ್ಟಿಗಳನ್ನು ಆ ಕಡೆಯಿಂದ ಎತ್ತಿಸಬೇಡಿ. ಸುರಕ್ಷತಾ ಬೆಲ್ಟಿಲ್ಲದೆ ತಾರಸಿಯ ಅಂಚಿಗೆ ಯಾರನ್ನೂ ಕಳಿಸಬೇಡಿ. ಗಾಳಿಯೆದ್ದ ದಿನ ಕೆಲಸವೇ ಬೇಡ. ಒಂದು ದಿನ ತಡವಾದರೆ ಯಾರ ಗಂಟೂ ಹೋಗದು.

ಪ್ಯಾನೆಲ್ ಕಿತ್ತು ಬಿದ್ದರೆ ಅದು ನಮ್ಮ ಸೈಟಿನೊಳಗೇ ಬೀಳಬೇಕೆಂದಿಲ್ಲ. ಪಕ್ಕದವರ ಶೀಟಿನ ಮೇಲೆ, ಕೆಳಗೆ ಆಡುವ ಮಕ್ಕಳ ಮೇಲೆ ಬೀಳಬಹುದು. ಆದ್ದರಿಂದ ಇದು ಒಬ್ಬೊಬ್ಬರ ಖಾಸಗಿ ವಿಷಯವಲ್ಲ.

ನನ್ನ ವಿನಂತಿ ಇಷ್ಟೇ. ಮುಂಗಡ ಕೊಡುವ ಮೊದಲು, ಇಲ್ಲಿನ ಗಾಳಿಗೆ ಲೆಕ್ಕ ಹಾಕಿ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಚೌಕಟ್ಟಿನ ನಕ್ಷೆ ಕೇಳಿ. ಕೊಡದವರಿಗೆ ಕೆಲಸ ಕೊಡಬೇಡಿ. ಈಗಾಗಲೇ ಹಾಕಿಸಿದವರು ಪ್ರತಿವರ್ಷ ಭರಣಿ ಮಳೆಗೆ ಮುನ್ನ ಬಲ್ಲವರನ್ನು ಕರೆಸಿ ಬೋಲ್ಟು, ತುಕ್ಕು, ಅರ್ತಿಂಗ್ ಪರೀಕ್ಷೆ ಮಾಡಿಸಿ. ಪ್ಯಾನೆಲ್‌ಗೆ ಇಪ್ಪತ್ತೈದು ವರ್ಷದ ವಾರಂಟಿ ಇದೆ ಎನ್ನುತ್ತಾರೆ. ಅದನ್ನು ಹೊತ್ತ ಕಾಲುಗಳಿಗೂ ಅಷ್ಟೇ ಆಯಸ್ಸು ಇರುವಂತೆ ಕಟ್ಟಿಸಿ.

ಇಂತಿ,
ನಿಮ್ಮ ಉಪನಗರದ ಒಬ್ಬ ನಿವಾಸಿ