ವಾಸನೆ ಎಂಬ ಬಡಪಾಯಿ

"ಏನೋ ವಾಸನೆ ಬರ್ತಿದೆ" ಎಂದರೆ ಸಾಕು, ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡು ಸತ್ತ ಇಲಿ ಹುಡುಕಲು ಹೊರಡುತ್ತಾರೆ. ಮಲ್ಲಿಗೆ ದಂಡೆ ಹುಡುಕುವವರು ಯಾರೂ ಇಲ್ಲ. ಪಾಪ, ವಾಸನೆ ಹುಟ್ಟಿನಿಂದ ಕೆಟ್ಟದ್ದಲ್ಲ. ಸಂಸ್ಕೃತದಲ್ಲಿ ಅದರ ಬೇರಿಗೆ ಪರಿಮಳ ಹಿಡಿಸುವುದು ಎಂದೇ ಅರ್ಥ. ಬಟ್ಟೆಯಲ್ಲಿ ಉಳಿದ ಕಂಪಿನಂತೆ ಮನಸ್ಸಿನಲ್ಲಿ ಉಳಿದ ಸಂಸ್ಕಾರವೂ ವಾಸನೆಯೇ. ಅದಕ್ಕೇ 'ಪೂರ್ವಜನ್ಮದ ವಾಸನೆ' ಅನ್ನುವುದು. ಅದರ ದಾಯಾದಿ ಗಂಧದ ಅದೃಷ್ಟ ನೋಡಿ: ಮೂಲದಲ್ಲಿ ಒಳ್ಳೆಯದು ಕೆಟ್ಟದ್ದು ಎರಡಕ್ಕೂ ಸಲ್ಲುತ್ತಿದ್ದ ಪದ, ನಮ್ಮ ಮನೆಗಳಲ್ಲಿ ಶ್ರೀಗಂಧವಾಗಿ ದೇವರ ಹಣೆಗೇರಿ ಕೂತಿದೆ.

'ಸುವಾಸನೆ' ಇದೆಯಲ್ಲ ಎನ್ನಬಹುದು. ಇದೆ, ಆದರೆ ಒಳ್ಳೆಯದಾಗಲು 'ಸು' ಎಂಬ ಶಿಫಾರಸು ಪತ್ರ ಬೇಕು, ಕೆಟ್ಟದಾಗಲು 'ದುರ್' ಬೇಕಿಲ್ಲ. ಇದು ಸಂಸ್ಕೃತ ಪದದ ಹಣೆಬರಹ ಎನ್ನೋಣವೆಂದರೆ, ದ್ರಾವಿಡ ಮೂಲದ 'ನಾತ'ದ ಪಾಡೂ ಅಷ್ಟೇ. ಅದರ ತಮಿಳು ನೆಂಟ 'ನಾಟ್ರಮ್' ಸಂಗಂ ಕಾಲದಲ್ಲಿ ಹೂವಿನ ಕಂಪು, ಇವತ್ತು ಚರಂಡಿಯ ಗಬ್ಬು. ತಪ್ಪು ಪದದ್ದಲ್ಲ, ಮೂಗಿನದು. ಒಗ್ಗರಣೆ ಘಮ್ಮೆಂದರೆ ಮೂಗು ಸುಮ್ಮನೆ ನಮ್ಮನ್ನು ತಟ್ಟೆಯ ಮುಂದೆ ಕೂರಿಸುತ್ತದೆ. ಹಾಲು ಸೀದರೆ ಮಾತ್ರ ಬಾಯಿಗೆ ದೂರು ಒಯ್ಯುತ್ತದೆ. ಬರೀ ದೂರಿನಲ್ಲೇ ಹೆಸರು ಬಂದರೆ ಪದಕ್ಕೆ ಒಳ್ಳೆಯ ಹೆಸರು ಉಳಿಯುವುದುಂಟೆ? ಈ ನ್ಯಾಯದ ಗಂಧಗಾಳಿಯೂ ಮೂಗಿಗಿಲ್ಲ!